ಕಾಸರಗೋಡಿನ ಕೆಲವು ಕಚೇರಿಗಳಲ್ಲಿ ಸಾಹೇಬರಿಗಿಂತ ಗುಮಾಸ್ತರ ಮಾತೇ ಏಕೆ ನಡೆಯುತ್ತದೆ?

ಸಹಿ ಸಾಹೇಬರದ್ದು, ಆದರೆ ಸಹಿಗೆ ಬೇಕಾದ ಮಾಹಿತಿ ಗುಮಾಸ್ತರ ಕೈಯಲ್ಲಿ. ಅದಕ್ಕೇ. ಯಾರಿಲ್ಲದೆ ಕೆಲಸ ನಿಲ್ಲುತ್ತದೋ, ಯಾರ ಬದಲಿಗೆ ಇನ್ನೊಬ್ಬರು ಸಿಗುವುದಿಲ್ಲವೋ, ಪ್ರಭಾವ ಅವರದ್ದು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡದಲ್ಲಿತ್ತು. ಜಾಗದ ಹಳೆಯ ಕಾಗದಪತ್ರ ಎಷ್ಟೋ ಕನ್ನಡದಲ್ಲೇ ಇವೆ. ವರ್ಗವಾಗಿ ಬಂದ ಅಧಿಕಾರಿಗೆ ಮಲಯಾಳ ಮಾತ್ರ ಗೊತ್ತಿದ್ದು, ಹಳೇ ಕೈಬರಹ ಓದಿ ಹೇಳುವವರು ಒಬ್ಬರೇ ಇದ್ದರೆ, ಯಾವ ಫೈಲು ಮೇಜಿಗೆ, ಯಾವುದು ಕಪಾಟಿಗೆ ಎಂದು ಅವರೇ ತೀರ್ಮಾನಿಸಿದಂತೆ. ‘ದಾಖಲೆ ಸ್ಪಷ್ಟವಿಲ್ಲ’ ಎಂಬ ಒಂದು ಸಾಲಿನ ಟಿಪ್ಪಣಿ ಬಿದ್ದರೆ ಅರ್ಜಿ ಅಲ್ಲೇ ಕೂತಿತು. (ಎಲ್ಲರೂ ಕುತಂತ್ರಿಗಳಲ್ಲ, ಪಾಪ, ರಜೆ ಹಾಕಲಾಗದೆ ಒದ್ದಾಡುವವರೂ ಇದ್ದಾರೆ.) ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. ಓದಬಲ್ಲ ಇನ್ನೊಬ್ಬರು ಬಂದ ದಿನವೇ ಆ ಹಿಡಿತ ಸಡಿಲವಾಗುತ್ತದೆ.