ಹೊಸೂರಿನ ಕಾರ್ಡು, ಬೆಂಗಳೂರಿನ ಆಸ್ಪತ್ರೆ

ದೇಶಕ್ಕೆಲ್ಲ ಒಂದೇ ಆರೋಗ್ಯ ವಿಮೆ ಇರುವಾಗ ಹೊಸೂರಿನವರು ಬೆಂಗಳೂರಿನ ಆಸ್ಪತ್ರೆಗೆ ಬರಲು ಏಕೆ ಇಷ್ಟು ಯೋಚಿಸುತ್ತೀರಿ ಎಂದು ಕೇಳಿದ್ದೀರಿ. ಅತ್ತಿಬೆಲೆಯ ಆಚೆಗಿರುವ ನಮ್ಮಂಥ ಕನ್ನಡಿಗರಿಗೆ ಬೆಂಗಳೂರು ಚೆನ್ನೈಗಿಂತ ಬಹಳ ಹತ್ತಿರ. ಕ್ಯಾನ್ಸರ್ ಎಂದರೆ ಕಿದ್ವಾಯಿ, ಹೃದಯದ ತೊಂದರೆ ಎಂದರೆ ಜಯದೇವ ಎಂಬುದು ನಮ್ಮಲ್ಲೂ ರೂಢಿಯ ಮಾತು. ಆದರೆ ನಮ್ಮ ಪಡಿತರ ಚೀಟಿ ತಮಿಳುನಾಡಿನದು, ತೊಡಕು ಶುರುವಾಗುವುದು ಅಲ್ಲಿಂದಲೇ.

2018ರ ಸೆಪ್ಟೆಂಬರ್ 23ರಂದು ಆರಂಭವಾದ, ನೀವು ಹೇಳುವ ಆ ಆರೋಗ್ಯ ವಿಮೆ, ಆಯುಷ್ಮಾನ್ ಭಾರತ್, ಸಂಸತ್ತಿನ ಕಾಯ್ದೆಯೆಂದು ಹಲವರು ತಿಳಿದಿದ್ದಾರೆ. ಆದರೆ ಅದು ಕೇಂದ್ರವೂ ರಾಜ್ಯವೂ ಸಾಮಾನ್ಯವಾಗಿ 60:40ರಂತೆ ಖರ್ಚು ಹಂಚಿಕೊಂಡು ನಡೆಸುವ ಯೋಜನೆ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿಮೆ ಕೇಂದ್ರದ ಪಟ್ಟಿಯಲ್ಲಿದ್ದರೆ, ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ಪಟ್ಟಿಯಲ್ಲಿವೆ. ಹಾಗಾಗಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಎಂಬ ಮಿತಿ ಕರ್ನಾಟಕ, ತಮಿಳುನಾಡು ಎರಡೂ ಕಡೆ ಒಂದೇ ಆದರೂ ಅದನ್ನು ನಡೆಸುವ ಬಗೆ ಬೇರೆ. ಕರ್ನಾಟಕದ ನಿಮ್ಮಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗಳಿಗೆ ಹಣ ಪಾವತಿಸುತ್ತದೆ. ಎಪಿಎಲ್ (ಬಡತನ ರೇಖೆಗಿಂತ ಮೇಲಿನ) ಕುಟುಂಬಗಳಿಗೂ ಪ್ಯಾಕೇಜ್ ದರದ, ಅಂದರೆ ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವಿದೆ. ನಮ್ಮಲ್ಲಿ ಮುಖ್ಯಮಂತ್ರಿಗಳ ವಿಮಾ ಯೋಜನೆ ಒಂದು ವಿಮಾ ಕಂಪನಿಯ ಮೂಲಕ ನಡೆಯುತ್ತದೆ, ಮತ್ತು ಅದಕ್ಕೆ ಆದಾಯದ ಮಿತಿ ಇದೆ. ಆ ಕಾರ್ಡಿಗಾಗಿ ಗ್ರಾಮ ಆಡಳಿತಾಧಿಕಾರಿಯಿಂದ ಆದಾಯ ಪ್ರಮಾಣಪತ್ರ ಪಡೆದು, ಪಡಿತರ ಚೀಟಿ ಮತ್ತು ಆಧಾರ್ ಹಿಡಿದು, ಕೃಷ್ಣಗಿರಿಯ ಜಿಲ್ಲಾಧಿಕಾರಿ ಕಚೇರಿಯ ನೋಂದಣಿ ಕೇಂದ್ರಕ್ಕೆ ಹೋಗಬೇಕು. ಕೂಲಿಗೆ ಹೋಗುವವರಿಗೆ ಇದು ಸಣ್ಣ ಕೆಲಸವಲ್ಲ. ಒಂದು ದಿನದ ದುಡಿಮೆ ಹೋಗುತ್ತದೆ.

ಕೇಂದ್ರದ ಯೋಜನೆಯ ಫಲಾನುಭವಿಗಳು ದೇಶದ ಯಾವುದೇ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದೆಂಬ ನಿಯಮವಿದೆ, ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ರಾಜ್ಯ ತನ್ನ ಸ್ವಂತ ಹಣದಿಂದ ಸೇರಿಸಿಕೊಂಡ ಕುಟುಂಬಗಳಿಗೆ ಈ ಸೌಲಭ್ಯ ತಾನಾಗಿಯೇ ಸಿಗುವುದಿಲ್ಲ. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದರ ಕಾರ್ಡು ಬೆಂಗಳೂರಿನಲ್ಲಿ ನಡೆದು ಇನ್ನೊಂದರದು ನಡೆಯದೆ ಹೋಗಲು ಇದೇ ಕಾರಣ, ಮತ್ತು ಗಡಿಯ ಜನರಿಗೆ ಇದನ್ನು ಮುಂಚಿತವಾಗಿ ಯಾರೂ ತಿಳಿಸಿ ಹೇಳದಿರುವುದು ನನಗೆ ನೋವಿನ ಸಂಗತಿ.

ಖಾಸಗಿ ವಿಮೆಗೆ ಈ ಗಡಿ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಸುತ್ತೋಲೆಯಂತೆ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಆಸ್ಪತ್ರೆಯಿಂದ ಬಿಡುಗಡೆಯ ವೇಳೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ಮೊದಲೇ ಇದ್ದ ಕಾಯಿಲೆಗೆ ವಿಮೆ ಅನ್ವಯವಾಗಲು ಕಾಯಬೇಕಾದ ಅವಧಿ ಗರಿಷ್ಠ 36 ತಿಂಗಳು. ಆದರೆ ಅದರ ಕಂತು ಕಟ್ಟುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲಿ ಕೆಲಸ ಮಾಡುವ ನಮ್ಮೂರಿನವರು ಯಾರಾದರೂ ಶಸ್ತ್ರಚಿಕಿತ್ಸೆಗೆಂದು ಬಂದರೆ, ಮುಂಗಡ ಕಟ್ಟುವ ಮೊದಲೇ ಅವರ ಜೊತೆ ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯ ಮಿತ್ರರನ್ನು ಕಂಡು, ಈ ಕಾರ್ಡು ಇಲ್ಲಿ ನಡೆಯುತ್ತದೆಯೇ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಕೇಳಿ ತಿಳಿಸಿಕೊಡಿ.