ಪಿಸ್ತೂಲಿಗೆ 8 ಗುಂಡು ಸಾಕಾ, 12 ಬೇಕಾ?

ಲೈಸೆನ್ಸ್ ಕೈಗೆ ಬಂದಿದೆ, ಸ್ವಂತ ರಕ್ಷಣೆಗೆ ಚಿಕ್ಕ ಪಿಸ್ತೂಲ್ ಬೇಕು, 8 ಗುಂಡಿನದ್ದು ತಗೊಳ್ಳಲಾ 12ರದ್ದಾ ಅಂತ ಕೇಳಿದ್ದೀರಿ. ನಾನೂ ಬೆಂಗಳೂರಿನವಳೇ. ನಗರ್ತಪೇಟೆಯಲ್ಲಿ ನಮ್ಮದು ಚಿನ್ನದ ಕೆಲಸದ ಚಿಕ್ಕ ಅಂಗಡಿ. ಅಪ್ಪ ತೀರಿಕೊಂಡಾಗ ಅವರ ಪಿಸ್ತೂಲನ್ನು ಡೀಲರ್ ಹತ್ತಿರ ಇಟ್ಟು, ನನ್ನ ಹೆಸರಿಗೆ ಲೈಸೆನ್ಸ್ ಬರುವವರೆಗೆ ಕಾದೆ. ಆ ದಿನಗಳಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ಮೊದಲಿಗೆ, ಯೂಟ್ಯೂಬಿನಲ್ಲಿ ಅಮೆರಿಕದವರು ಹೇಳುವುದನ್ನು ಸ್ವಲ್ಪ ಪಕ್ಕಕ್ಕಿಡಿ. 2015ರಲ್ಲಿ ಬಂದ ಗ್ಲಾಕ್ 43ರಲ್ಲಿ 6 ಗುಂಡು ಹಿಡಿಯುತ್ತಿತ್ತು. 2018ರಲ್ಲಿ ಸಿಗ್ ಸಾವರ್ ಪಿ365 ಹೆಚ್ಚುಕಡಿಮೆ ಅಷ್ಟೇ ಗಾತ್ರದಲ್ಲಿ 10 ಗುಂಡು ತುಂಬಿಸಿತು. ಆಮೇಲೆ ಅಲ್ಲಿ ಎಲ್ಲರ ಬಾಯಲ್ಲೂ ಗುಂಡಿನ ಸಂಖ್ಯೆಯದ್ದೇ ಮಾತು. ಆದರೆ ಅವೆಲ್ಲ 9 ಎಂಎಂ ಗಾತ್ರದ ಗುಂಡಿನವು. ನಮ್ಮಲ್ಲಿ ಅದು ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ಗಾತ್ರ. ನಮ್ಮಂಥವರಿಗೆ ಪಿಸ್ತೂಲ್ ಅಂದರೆ ಹೆಚ್ಚಾಗಿ .32 ಗಾತ್ರದ್ದು. ಸಾಮಾನ್ಯವಾಗಿ ಸರ್ಕಾರಿ ಕಾರ್ಖಾನೆಯ ಅಶನಿ, ಇಲ್ಲವೇ ಆಮದು ನಿಲ್ಲುವ ಮೊದಲು ಬಂದು ಕೈಯಿಂದ ಕೈಗೆ ದಾಟುತ್ತಿರುವ ಹಳೆಯ ವಾಲ್ಥರ್, ಬೆರೆಟಾಗಳು. ನನ್ನ ಮುಂದೆ ಇದ್ದದ್ದು ಎರಡು: ಅಪ್ಪನ ವಾಲ್ಥರ್ ಪಿಪಿ, 8 ಗುಂಡಿನದ್ದು. ಇನ್ನೊಂದು ಪರಿಚಯದವರು ಮಾರಲು ಇಟ್ಟಿದ್ದ ಬೆರೆಟಾ 81, 12 ಗುಂಡಿನದ್ದು.

ಜಾಸ್ತಿ ಗುಂಡು ಬೇಕು ಅನ್ನುವವರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಹೆದರಿದಾಗ ಕೈ ನಡುಗುತ್ತದೆ, ಗುರಿ ತಪ್ಪುತ್ತದೆ. ಎದುರಿಗೆ ಇಬ್ಬರು ಇರಬಹುದು. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಸತ್ತರು. ಗಾಯಗೊಂಡ ಕೈಯಲ್ಲಿ ರಿವಾಲ್ವರಿಗೆ ಮತ್ತೆ ಗುಂಡು ತುಂಬುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಅದಾದ ಮೇಲೆ ಅವರು ರಿವಾಲ್ವರ್ ಬಿಟ್ಟು ಪಿಸ್ತೂಲಿನ ಕಡೆ ಹೋದರು. ಆದರೆ ಅವರು ದರೋಡೆಕೋರರನ್ನು ಬೆನ್ನಟ್ಟಿ ಹೋದ ಪೊಲೀಸರು. ನಾನು ಶಟರ್ ಎಳೆದು ಸ್ಕೂಟರ್ ತನಕ ನಡೆಯುವವಳು.

ಜಾಸ್ತಿ ಗುಂಡು ಅಂದರೆ ಜಾಸ್ತಿ ಭಾರ ಅಂತ ಅಂದುಕೊಂಡಿದ್ದೆ. ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಒಂದು .32 ಗುಂಡು ಏಳೂವರೆ ಗ್ರಾಂ ಚಿಲ್ಲರೆ. ನಾಲ್ಕು ಹೆಚ್ಚಾದರೆ 30 ಗ್ರಾಂ, ಒಂದು ಬಳೆಯಷ್ಟು. ಅದು ಸಮಸ್ಯೆಯೇ ಅಲ್ಲ. ಸಮಸ್ಯೆ ಹಿಡಿಯ ದಪ್ಪದ್ದು. 12 ಗುಂಡು ಕೂರಿಸಬೇಕಾದರೆ ಎರಡು ಸಾಲು ಬೇಕು, ಹಿಡಿ ಅಗಲವಾಗುತ್ತದೆ. ಬೆರೆಟಾ ಹಿಡಿದಾಗ ನನ್ನ ತೋರುಬೆರಳಿನ ತುದಿ ಮಾತ್ರ ಟ್ರಿಗರಿಗೆ ತಾಗುತ್ತಿತ್ತು. ಈ ಪಿಸ್ತೂಲುಗಳಲ್ಲಿ ಮೊದಲ ಗುಂಡಿಗೆ ಟ್ರಿಗರ್ ಗಟ್ಟಿ, ಉದ್ದ ಎಳೆಯಬೇಕು. ಬೆರಳ ತುದಿಯಲ್ಲಿ ಎಳೆದರೆ ಮೂತಿ ಪಕ್ಕಕ್ಕೆ ಸರಿಯುತ್ತದೆ. ವಾಲ್ಥರ್ ಒಂದೇ ಸಾಲಿನದ್ದು, ಕೈಯಲ್ಲಿ ಸರಿಯಾಗಿ ಕೂತಿತು. ನಿಮ್ಮ ಕೈ ದೊಡ್ಡದಿದ್ದರೆ ನಿಮಗೆ ಉಲ್ಟಾ ಅನ್ನಿಸಬಹುದು. ಹಿಡಿದು ನೋಡದೆ ತಗೊಳ್ಳಲೇಬೇಡಿ.

ಆದರೂ ನನ್ನ ಮನಸ್ಸು 12ರ ಕಡೆಗೇ ಇತ್ತು. ಅದನ್ನು ಬದಲಿಸಿದ್ದು ಶೂಟಿಂಗ್ ರೇಂಜಿನಲ್ಲಿ ಕಳೆದ ಒಂದು ಬೆಳಗ್ಗೆ. ಮಾರುವವರೇ ಬೆರೆಟಾ ತಂದಿದ್ದರು. ಮ್ಯಾಗಜಿನ್‌ಗೆ, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿಗೆ, ಹನ್ನೆರಡೂ ತುಂಬಿದೆವು. ಹತ್ತು ಗುಂಡು ಚೆನ್ನಾಗಿ ಹಾರಿದವು. ಹನ್ನೊಂದನೆಯದು ಮೂತಿ ಕೆಳಗೆ ಮಾಡಿಕೊಂಡು ಸಿಕ್ಕಿಕೊಂಡಿತು, ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಭಾಗ, ಸ್ಲೈಡ್, ಅರ್ಧಕ್ಕೆ ನಿಂತಿತು. ಮತ್ತೆ ತುಂಬಿ ಹೊಡೆದರೆ ಮತ್ತೆ ಅದೇ ಜಾಗದಲ್ಲಿ ಅದೇ ಕಥೆ. ಹಳೆಯ ಸ್ಪ್ರಿಂಗ್, ಕೊನೆಯ ಗುಂಡುಗಳನ್ನು ಮೇಲಕ್ಕೆ ನೂಕುವ ಶಕ್ತಿ ಉಳಿದಿರಲಿಲ್ಲ. ಹೆಸರಿಗೆ 12, ಕೆಲಸಕ್ಕೆ 10. ಬೇರೆ ಮ್ಯಾಗಜಿನ್ ಇದೆಯಾ ಅಂದೆ. ಇರಲಿಲ್ಲ.

ವಾಲ್ಥರ್ ಕೂಡ ಒಮ್ಮೆ ಸಿಕ್ಕಿಕೊಂಡಿತು, ಆದರೆ ಕಾರಣ ಬೇರೆ. .32 ಗುಂಡಿನ ತಳದ ಅಂಚು ಮೈಗಿಂತ ಕೂದಲೆಳೆಯಷ್ಟು ಅಗಲ ಇರುತ್ತದೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಹೋಗಿ ಕೂತರೆ ಎರಡೂ ಬೀಗ ಹಾಕಿದ ಹಾಗೆ ನಿಲ್ಲುತ್ತವೆ. ಮೂತಿಯಲ್ಲಿ ಕುಳಿ ಇರುವ ಗುಂಡುಗಳು ಉದ್ದದಲ್ಲಿ ಸ್ವಲ್ಪ ಗಿಡ್ಡ, ಅವುಗಳಲ್ಲಿ ಇದು ಜಾಸ್ತಿ. ಇದು ಸ್ಲೈಡ್ ಎಳೆದುಬಿಟ್ಟರೆ ಹೋಗುವ ಜಾಮ್ ಅಲ್ಲ. ಮ್ಯಾಗಜಿನ್ ಕಿತ್ತು, ಕೈಯಲ್ಲೇ ಬಿಡಿಸಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಹೇಳಿಕೊಡುತ್ತಿದ್ದವರು ಸುಮ್ನೆ ಎರಡನೇ ಮ್ಯಾಗಜಿನ್ ನನ್ನ ಕೈಗಿಟ್ಟರು. ಸಿಕ್ಕಿಕೊಂಡದ್ದನ್ನು ಕೆಳಗೆ ಬಿಟ್ಟೆ, ಹೊಸದು ಹಾಕಿದೆ, ಸ್ಲೈಡ್ ಎಳೆದೆ, ಹೊಡೆದೆ. ಎರಡನೇ ಮ್ಯಾಗಜಿನ್ ಅಂದರೆ ಇನ್ನೂ 8 ಗುಂಡು ಅಂತ ಅಲ್ಲಿಯವರೆಗೆ ತಿಳಿದಿದ್ದೆ. ನಿಜವಾಗಿ ಅದು ಪಿಸ್ತೂಲ್ ಕೈಕೊಟ್ಟಾಗ ಇರುವ ದಾರಿ.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ನಗರ್ತಪೇಟೆಯ ಓಣಿಗಳನ್ನು ನೋಡಿದ್ದೀರಲ್ವಾ? ಎರಡು ಬೈಕ್ ಎದುರುಬದುರಾದರೆ ಒಂದು ನಿಲ್ಲಬೇಕು. ಯಾರ ಹಿಂದೆ ನೋಡಿದರೂ ಇನ್ನೊಬ್ಬರು ಇರುತ್ತಾರೆ. ಗುರಿ ತಪ್ಪಿದ ಗುಂಡು ಎಲ್ಲಿಗೋ ಹೋಗಿ ತಾಗಲೇಬೇಕು. ಸ್ವರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಅಂತ ಅಲ್ಲೇ ಹೇಳಿದೆ. ಹಾರಿಸಿದ ಪ್ರತಿ ಗುಂಡಿಗೂ ನೀವೇ ಉತ್ತರ ಹೇಳಬೇಕು. ಅದಕ್ಕೇ ಎಷ್ಟು ಗುಂಡು ಇದೆ ಅನ್ನುವುದಕ್ಕಿಂತ, ಮೊದಲ ಎರಡು ಎಲ್ಲಿ ಹೋಗುತ್ತವೆ ಅನ್ನುವುದು ನನಗೆ ಹೆಚ್ಚಿನ ಪ್ರಶ್ನೆ. ಅದು ಅಭ್ಯಾಸದಿಂದ ಮಾತ್ರ ಬರುವುದು, ಅಭ್ಯಾಸಕ್ಕೆ ಗುಂಡು ಬೇಕು. ನೀವು ವರ್ಷಕ್ಕೆ ಎಷ್ಟು ಕೊಳ್ಳಬಹುದು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಅದನ್ನು ಮೊದಲು ನೋಡಿ.

ನಾನು ಅಪ್ಪನ ವಾಲ್ಥರನ್ನೇ ಇಟ್ಟುಕೊಂಡೆ. ನಿಮ್ಮ ಕೈಗೆ 12ರದ್ದು ಒಪ್ಪಿ, ತುಂಬಿದ ಹನ್ನೆರಡೂ ಸಿಕ್ಕಿಕೊಳ್ಳದೆ ಹಾರಿದರೆ ಖಂಡಿತ ಅದನ್ನೇ ತಗೊಳ್ಳಿ, ನಾಲ್ಕು ಗುಂಡು ಹೆಚ್ಚಿಗೆ ಸಿಗುವುದು ಸಣ್ಣ ಲಾಭವಲ್ಲ. ಕೊಳ್ಳುವ ಮೊದಲು ಮ್ಯಾಗಜಿನ್ ಬಾಯಿಯ ಎರಡು ತುಟಿಗಳು ಬಗ್ಗಿವೆಯಾ, ಬಿರುಕು ಬಿಟ್ಟಿವೆಯಾ ನೋಡಿ. ಹೆಬ್ಬೆರಳಿನಲ್ಲಿ ಒಳಗಿನ ತಟ್ಟೆಯನ್ನು ಕೆಳಗೆ ಒತ್ತಿ ಬಿಡಿ, ಚಟ್ಟಂತ ಮೇಲೆ ಬರಬೇಕು. ಪೂರ್ತಿ ತುಂಬಿ ಕೊನೆಯ ಗುಂಡಿನವರೆಗೆ ಕನಿಷ್ಠ ಮೂರು ಸಲ ಹೊಡೆದು ನೋಡಿ, ಪ್ರತಿ ಮ್ಯಾಗಜಿನ್ನಿಗೂ ಬೇರೆ ಬೇರೆಯಾಗಿ. ಎರಡನೇ ಮ್ಯಾಗಜಿನ್ ಇಲ್ಲ, ಮುಂದೆ ಸಿಕ್ಕರೆ ಕೊಡ್ತೀವಿ ಅಂದರೆ ಆ ಪಿಸ್ತೂಲನ್ನು ಅಲ್ಲೇ ಬಿಟ್ಟು ಬನ್ನಿ.