30 ಅಲ್ಲ, 303

ನಮಸ್ಕಾರ.

ಆದರ್ಶ ಅನಿಲದ ಸೂತ್ರದಿಂದ ಲೆಕ್ಕ ಬಿಡಿಸುವುದು ಹೇಗೆ ಎಂದು ಪಿಯುಸಿ ಮಕ್ಕಳಿಗಾಗಿ ನೀವು ಬರೆದ ಲೇಖನ ತಲುಪಿತು. ಭಾಷೆ ಸರಾಗವಾಗಿದೆ. ಮಲ್ಪೆ ಬೀಚಿನ ಹೀಲಿಯಂ ಬಲೂನಿನಿಂದ ಶುರು ಮಾಡಿದ್ದು ಚೆನ್ನಾಗಿದೆ. ಆದರೆ ಎರಡನೇ ಪುಟ ಓದಿ ನನಗೆ ನಿಜವಾಗಿ ಬೇಸರವಾಯಿತು.

ನಿಮ್ಮ ಸಾಲು ಇದು: "ಪಿವಿ = ಎನ್‌ಆರ್‌ಟಿ. ಗಾತ್ರ 6 ಲೀಟರ್, ಒತ್ತಡ 1, ತಾಪಮಾನ 30, ಆರ್ 0.0821."

ಇಲ್ಲಿ ಪಿ ಒತ್ತಡ, ವಿ ಗಾತ್ರ, ಟಿ ತಾಪಮಾನ, ಆರ್ ಒಂದು ಸ್ಥಿರಾಂಕ. ಎನ್ ಅಂದರೆ ಅನಿಲ ಎಷ್ಟಿದೆ ಎಂಬುದು, ಮೋಲ್ ಎಂಬ ಅಳತೆಯಲ್ಲಿ. ಒತ್ತಡ 1 ಅಂದರೆ ಏನು 1? ಅಟ್ಮಾಸ್ಫಿಯರ್ ಎಂದು ಬರೆಯಬೇಕಲ್ವಾ? ಲೀಟರ್, ಅಟ್ಮಾಸ್ಫಿಯರ್ ಹಿಡಿದಾಗ ಮಾತ್ರ ಆರ್ 0.0821. ಪಾಸ್ಕಲ್, ಘನ ಮೀಟರ್ ಹಿಡಿದರೆ ಅದೇ ಆರ್ 8.314. ಇದನ್ನು ಹೇಳದಿದ್ದರೆ ಮಕ್ಕಳು ಎರಡನ್ನೂ ಸುಮ್ನೆ ಬಾಯಿಪಾಠ ಮಾಡುತ್ತಾರೆ.

ಇನ್ನು ಆ 30. ಅದು ಸೆಲ್ಸಿಯಸ್. ಇಲ್ಲಿ ಬೇಕಾದದ್ದು ಕೆಲ್ವಿನ್, ಅಂದರೆ ಚಳಿಯ ಕೊನೆಯ ಮಿತಿಯನ್ನೇ ಸೊನ್ನೆ ಎಂದು ಹಿಡಿಯುವ ಅಳತೆ. 273 ಕೂಡಿಸಿ 303 ಹಾಕಬೇಕು. ಸೆಲ್ಸಿಯಸ್‌ನ ಸೊನ್ನೆಯಲ್ಲಿ ನೀರು ಹೆಪ್ಪುಗಟ್ಟುತ್ತದೆ, ಅಷ್ಟೆ. ಬಲೂನಿನ ಅನಿಲ ಮಾಯವಾಗುವುದಿಲ್ಲ. ಆದರೆ ಸೂತ್ರಕ್ಕೆ ಆ ಸೊನ್ನೆ ಹಾಕಿದರೆ ಗಾತ್ರವೇ ಸೊನ್ನೆಯಾಗಿಬಿಡುತ್ತದೆ.

ಮುಂದಿನ ಸಾಲು: "ಆದ್ದರಿಂದ 2.44 ಮೋಲ್, ಅಂದರೆ ಸುಮಾರು 9.7 ಗ್ರಾಂ ಹೀಲಿಯಂ." ಇಲ್ಲಿ ನೀವು ಒಂದು ನಿಮಿಷ ನಿಲ್ಲಬೇಕಿತ್ತು. ಅಷ್ಟೇ ಜಾಗದ ಗಾಳಿ ಸುಮಾರು 7 ಗ್ರಾಂ ತೂಗುತ್ತದೆ. ಅದಕ್ಕಿಂತ ಜಾಸ್ತಿ ತೂಕದ ಬಲೂನು ಏಳುವುದೇ ಇಲ್ಲ, ಮರಳಿನ ಮೇಲೆ ಬೀಳುತ್ತದೆ. 303 ಹಾಕಿ ನೋಡಿ: 0.24 ಮೋಲ್, ಒಂದು ಗ್ರಾಂಗೂ ಸ್ವಲ್ಪ ಕಡಿಮೆ. ಈಗ ಹಾರುತ್ತದೆ. ಅದು ಹಾರುವುದನ್ನು ಮೊದಲ ಪುಟದಲ್ಲಿ ನೀವೇ ಎಷ್ಟು ಚಂದ ಬರೆದಿದ್ದೀರಿ!

ನಾನು ಈ ಕೆಲಸ ಕಲಿಯುತ್ತಿದ್ದಾಗ ಮಂಗಳೂರಿನ ಧಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಬಗ್ಗೆ ಬರೆದಿದ್ದೆ. ಹತ್ತು ದಿನ ಕಡಲಿಗೆ ಹೋಗುವ ಬೋಟಿಗೆ 10 ಕಿಲೋ ಐಸ್ ಎಂದಿದ್ದೆ. ಟನ್ ಆಗಬೇಕಿತ್ತು. ಹಿರಿಯ ಸಂಪಾದಕರು ಬೈಯಲಿಲ್ಲ. "ನಾಳೆ ಧಕ್ಕೆಗೆ ಹೋಗಿ ನೋಡಿ ಬಾ ಮಾರಾಯ" ಎಂದರು. ಹೋದೆ. ಪುಡಿ ಮಾಡಿದ ಐಸ್ ಬೋಟಿನ ಹೊಟ್ಟೆಗೆ ಸುರಿಯುತ್ತಲೇ ಇತ್ತು. ನಾನು ಬರೆದ 10 ಕಿಲೋ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಹೋಗಿತ್ತು. ಇವತ್ತಿಗೂ ಒಂದು ಅಂಕಿ ಬರೆಯುವಾಗ ಆ ಸದ್ದು ಕೇಳಿಸುತ್ತದೆ.

ಎರಡನೇ ಪುಟ ಮತ್ತೆ ಬರೆದು ಕಳಿಸಿ. ತಪ್ಪು ಲೆಕ್ಕವನ್ನು ಅಳಿಸಬೇಡಿ. ಮೊದಲು 30 ಹಾಕಿ ಬಲೂನು ಬೀಳುವುದನ್ನು ಮಕ್ಕಳಿಗೆ ತೋರಿಸಿ. ಆಮೇಲೆ 303 ಹಾಕಿ.